ಮುಚ್ಚಳ ಉಲ್ಟಾ

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಂದು ಸ್ಮರಣ ಸಂಚಿಕೆ ಬರುತ್ತದೆ. ಅರ್ಧ ಜಾಹೀರಾತು, ಕಾಲು ಭಾಗ ಪದಾಧಿಕಾರಿಗಳ ಫೋಟೊ, ಉಳಿದ ಕಾಲು ಭಾಗದಲ್ಲಿ ಎಲ್ಲೋ ನನ್ನದೊಂದು ಹರಟೆ. ಮೂರು ವರ್ಷದ ಹಿಂದೆ ‘ಕರೆಂಟು ಹೋದ ದಿನ’ ಬರೆದೆ. ಆಮೇಲೆ ‘ನೀರು ಬಾರದ ದಿನ’. ಹೋದ ವರ್ಷ ‘ಗ್ಯಾಸ್ ಮುಗಿದ ದಿನ’. ಈ ಸಲ ‘ನೆಟ್ ಹೋದ ದಿನ’ ಅಂತ ಶುರು ಮಾಡಿದ್ದೆ. ಅಷ್ಟರಲ್ಲಿ ಸಂಪಾದಕರು ಫೋನ್ ಮಾಡಿ, “ಮೇಡಂ, ಈ ಸಲ ಏನಾದ್ರೂ ಸ್ವಲ್ಪ ಹೊಸದಾಗಿ...” ಎಂದು ನಿಲ್ಲಿಸಿದರು. ಆ ಮೂರು ಚುಕ್ಕಿ ನನಗೆ ಫೋನಿನಲ್ಲೇ ಕೇಳಿಸಿತು.

ಸರಿ, ಸೃಜನಶೀಲತೆ ಬೆಳೆಸಿಕೊಳ್ಳೋಣ ಎಂದು ಹೊರಟೆ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಹೇಳುವುದು ಒಂದೇ. ದೊಡ್ಡದೇನೂ ಬೇಡ, ದಿನಾ ಸಣ್ಣ ಸಣ್ಣ ಅಭ್ಯಾಸ ಸಾಕು. ಸಣ್ಣದು ಅಂದರೆ ನನಗೆ ಭಯ. ನಮ್ಮತ್ತೆ “ಸಣ್ಣ ಕೆಲಸ ಕಣೇ” ಅಂದಾಗಲೆಲ್ಲ ನಾನು ಐದು ಕೆ.ಜಿ. ಹುಣಸೆಹಣ್ಣಿನ ಬೀಜ ಬಿಡಿಸಿದ್ದೇನೆ.

ಮೊದಲನೆಯದು, ಬೆಳಗ್ಗೆ ಎದ್ದ ಕೂಡಲೇ ಮೂರು ಪುಟ ಬರೆಯುವುದು. ಮನಸ್ಸಿಗೆ ಬಂದದ್ದೆಲ್ಲ, ಪೆನ್ನು ಎತ್ತದೆ. ಐದೂವರೆಗೆ ಎದ್ದು ಕೂತೆ. ಮೊದಲ ಸಾಲು: ‘ನಿನ್ನೆ ಉದ್ದಿನಬೇಳೆ ನೆನೆಹಾಕಲು ಮರೆತೆ.’ ಎರಡನೆಯದು: ‘ಹಾಗಾದರೆ ಇವತ್ತು ಉಪ್ಪಿಟ್ಟು.’ ಮೂರನೆಯದು: ‘ಉಪ್ಪಿಟ್ಟು ಅಂದರೆ ಇವರ ಮುಖ ನೋಡಲಾಗುವುದಿಲ್ಲ.’ ಅಲ್ಲಿಗೆ ಮನಸ್ಸು ಖಾಲಿ, ಪುಟವೂ ಖಾಲಿ. ನಾಲ್ಕನೆಯ ದಿನ ಪುಸ್ತಕ ತೆರೆದರೆ ಅತ್ತೆ ಅದರಲ್ಲಿ ಹಾಲಿನ ಲೆಕ್ಕ ಶುರು ಮಾಡಿದ್ದರು. ಈಗ ಅದು ಎಂಟನೇ ಪುಟದಲ್ಲಿದೆ.

ಎರಡನೆಯದು ನಡಿಗೆ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕೂತಿದ್ದಾಗಿನದಕ್ಕಿಂತ ನಡೆಯುವಾಗ ಹೊಸ ಆಲೋಚನೆಗಳು ಸರಾಸರಿ ನೂರಕ್ಕೆ 60ರಷ್ಟು ಜಾಸ್ತಿ ಬಂದವಂತೆ. ಖಾಲಿ ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದರೂ ಆದೀತಂತೆ. ನಮಗೆ ಮೈಸೂರಿನವರಿಗೆ ಖಾಲಿ ಗೋಡೆ ಯಾಕೆ, ಕುಕ್ಕರಹಳ್ಳಿ ಕೆರೆಯೇ ಇದೆಯಲ್ಲ. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಜಾಗ. ಹೋದೆ. ಹೆಜ್ಜಾರ್ಲೆಗಳು ಕೂತಿದ್ದ ಮರದ ಹತ್ತಿರ ನಿಜವಾಗಿಯೂ ಒಂದು ಐಡಿಯಾ ಬಂತು. ಒಳ್ಳೆಯದೇ ಬಂತು. ಬರೆದುಕೊಳ್ಳೋಣ ಅಂದರೆ ಮೊಬೈಲ್ ಮನೆಯಲ್ಲಿ. (ನಡೆಯುವಾಗ ಮೊಬೈಲ್ ಒಯ್ಯಬಾರದು ಅನ್ನುವುದೂ ಒಂದು ಸಣ್ಣ ಅಭ್ಯಾಸ.) ಮರೆಯಬಾರದೆಂದು ಬಾಯಲ್ಲೇ ಜಪಿಸುತ್ತ ಬೇಗ ಬೇಗ ಹೆಜ್ಜೆ ಹಾಕಿದೆ. ಎದುರಿಗೆ ನಮ್ಮ ಹಿಂದಿನ ಬೀದಿಯವರು ಸಿಕ್ಕರು.

“ಏನ್ರೀ, ವಿಷ್ಣು ಸಹಸ್ರನಾಮನಾ?”

“ಅಲ್ಲ” ಅನ್ನಲು ಬಾಯಿ ತೆರೆದೆ ನೋಡಿ, ಐಡಿಯಾ ಹಾರಿಹೋಯಿತು. ಬದಲಿಗೆ ಅವರ ಸೊಸೆಯ ವಿಷಯ ಪೂರ್ತಿ ಒಂದು ಸುತ್ತು ತಲೆಗೆ ತುಂಬಿತು. ಅವೂ ಹೊಸ ವಿಚಾರಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಸ್ಮರಣ ಸಂಚಿಕೆಗೆ ಹಾಕುವಂಥವಲ್ಲ. ಆ ಸೊಸೆಯೂ ಅದನ್ನು ಓದುತ್ತಾಳೆ.

ಮೂರನೆಯದು ಮನೆಯಲ್ಲೇ ಕೂತು ಮಾಡುವಂಥದ್ದು. ದಿನಾ ಒಂದು ವಸ್ತು ಹಿಡಿದು, ಇದರಿಂದ ಏನೇನು ಮಾಡಬಹುದು ಎಂದು ಪಟ್ಟಿ ಮಾಡಬೇಕು. ಜೆ. ಪಿ. ಗಿಲ್ಫರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮಾಡಿದ ಪರೀಕ್ಷೆ ಇದು. ನಾನು ಹಳೇ ಕಾಟನ್ ಸೀರೆಯೊಂದನ್ನು ಮುಂದಿಟ್ಟುಕೊಂಡು ಎರಡು ನಿಮಿಷ ಯೋಚಿಸಿದೆ. ಪರದೆ. ದಿಂಬಿನ ಚೀಲ. ಮುಂದೆ ಹೊಳೆಯಲಿಲ್ಲ. ಸುಮ್ನೆ ಅತ್ತೆಯನ್ನು ಕೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. “ಕೌದಿ, ತೊಟ್ಟಿಲು, ಮಸಿಬಟ್ಟೆ, ಕಾಲೊರೆಸು, ಸಂಡಿಗೆ ಹಾಕೋಕೆ, ಹಪ್ಪಳ ಒಣಗಿಸೋಕೆ, ಕಾಳು ಮೊಳಕೆ ಕಟ್ಟೋಕೆ, ಕಷಾಯ ಸೋಸೋಕೆ, ಮಗೂಗೆ ಲಂಗೋಟಿ, ತಲೆನೋವಿಗೆ ಹಣೆಗೆ ಕಟ್ಟೋಕೆ, ಉಪ್ಪಿನಕಾಯಿ ಭರಣಿ ಬಾಯಿಗೆ, ಊರಿಗೆ ಹೋಗೋವಾಗ ಗಂಟು...” ಎರಡು ನಿಮಿಷ ಮುಗಿದರೂ ಅವರು ನಿಲ್ಲಿಸಲಿಲ್ಲ. ಕೊನೆಗೆ ತಲೆ ಎತ್ತಿ, “ಅದು ನನ್ನ ಸೀರೆ ಅಲ್ವೇನೇ? ಇನ್ನೂ ಉಡ್ತೀನಿ, ಮಡಿಸಿಡು” ಅಂದರು.

ಉಳಿದದ್ದು ನಿದ್ದೆ. ಇದರಲ್ಲಾದರೂ ನಾನು ಗೆಲ್ಲಬಹುದು ಅನ್ನಿಸಿತು. ಎಡಿಸನ್ ಕೈಯಲ್ಲಿ ಲೋಹದ ಗುಂಡು ಹಿಡಿದು ಕುರ್ಚಿಯಲ್ಲಿ ತೂಕಡಿಸುತ್ತಿದ್ದರಂತೆ. ನಿದ್ದೆ ಹತ್ತಿದೊಡನೆ ಗುಂಡು ಬಿದ್ದು ಎಚ್ಚರ, ಆ ಕ್ಷಣದಲ್ಲಿ ಹೊಳೆದದ್ದನ್ನು ಬರೆದುಕೊಳ್ಳುವುದು. ಚಿತ್ರಕಾರ ಡಾಲಿಯದು ಬೀಗದ ಕೈ ಮತ್ತು ತಟ್ಟೆ. ಕತೆ ಅನ್ನುವಂತೆಯೂ ಇಲ್ಲ. 2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಜನರಿಗೆ ಲೆಕ್ಕ ಕೊಟ್ಟು, ಅದರೊಳಗೊಂದು ಸುಲಭದ ದಾರಿ ಬಚ್ಚಿಟ್ಟು, ನಡುವೆ 20 ನಿಮಿಷ ಮಲಗಲು ಬಿಟ್ಟರು. ಎಚ್ಚರವಾಗಿದ್ದವರಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಆ ದಾರಿ ಸಿಕ್ಕಿತು. ಕಾಲು ನಿಮಿಷವಾದರೂ ಜೊಂಪು ಹತ್ತಿದವರಲ್ಲಿ 83 ಜನಕ್ಕೆ. ಗಾಢ ನಿದ್ದೆಗೆ ಜಾರಿದರೆ ಮಾತ್ರ ಎಲ್ಲ ನೀರಿನಲ್ಲಿ ಹೋಮ.

ಭಾನುವಾರ ಮಧ್ಯಾಹ್ನ ಹುಳಿಯನ್ನ ಉಂಡು ಕುರ್ಚಿಯಲ್ಲಿ ಒರಗಿದೆ. ಕೈಯಲ್ಲಿ ಹುಳಿ ಬಡಿಸುವ ಸೌಟು. ಕೆಳಗೆ ಚಪಾತಿ ಹಿಟ್ಟು ಕಲಸುವ ಅಗಲದ ಸ್ಟೀಲ್ ತಟ್ಟೆ, ಬೋರಲು. ತೊಡೆಯ ಮೇಲೆ ಪುಸ್ತಕ, ಪೆನ್ನು. ಕಣ್ಣು ಎಳೆಯಿತು.

ಢಣಾರ್!

“ಬೆಕ್ಕು! ಬೆಕ್ಕು! ಹಾಲು ಮುಚ್ಚಿದ್ಯೇನೇ?” ಎಂದು ಅತ್ತೆ ಪೊರಕೆ ಹಿಡಿದು ಬಂದರು. ಒಳಗೆ ಮಲಗಿದ್ದ ಇವರು ಎದ್ದ ರಭಸಕ್ಕೆ ಪಂಚೆ ಮಂಚದ ಕಾಲಿಗೆ ಸಿಕ್ಕಿ, ಅರ್ಧ ಅಲ್ಲಿ ಅರ್ಧ ಇಲ್ಲಿ. ಪಕ್ಕದ ಮನೆಯವರು ಕಿಟಕಿಯಿಂದ “ಎಲ್ಲ ಕ್ಷೇಮನಾ?” ಅಂದರು. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಕೆರೆಯ ಹತ್ತಿರ ಒಮ್ಮೆ ಬುದ್ಧಿ ಬಂದಿತ್ತಲ್ಲ. ಹೊಳೆದದ್ದನ್ನು ಮೊದಲು ಬರೆದುಬಿಟ್ಟೆ.

ಆಮೇಲೆ ನೋಡಿದರೆ ಪುಟದಲ್ಲಿ, ಹಾಲಿನ ಲೆಕ್ಕದ ಕೆಳಗೆ, ಎರಡೇ ಪದ. ‘ಮುಚ್ಚಳ ಉಲ್ಟಾ.’

ಎರಡು ದಿನ ಆ ಎರಡು ಪದ ಹಿಡಿದು ಕೂತೆ. ತಲೆಕೆಳಗಾದ ಕಾಲವೇ? ಬಾಯಿ ಮುಚ್ಚಿಸುವವರ ಮೇಲೊಂದು ವ್ಯಂಗ್ಯವೇ? ನೆಟ್ಟಗೆ ನೋಡಿದೆ, ಓರೆಯಾಗಿ ನೋಡಿದೆ. ಇವರು, “ಮಿಕ್ಸಿ ಜಾರಿನದ್ದಿರಬೇಕು, ರಿಪೇರಿಗೆ ಕೊಡು” ಅಂದರು. ಅತ್ತ ಸಂಪಾದಕರು ಮತ್ತೆ ಫೋನ್ ಮಾಡಿದರು. ಈ ಸಲ ಚುಕ್ಕಿ ಇಲ್ಲದೆ, “ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗುತ್ತೆ ಮೇಡಂ” ಅಂದರು.

ಪುಸ್ತಕ ಹಿಡಿದು ಅತ್ತೆಯ ಮುಂದೆ ಕೂತೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು.

“ಇದಕ್ಕೆ ಎರಡು ದಿನ ಯೋಚನೆನಾ? ಪಲ್ಯ ತಳ ಹಿಡೀಬಾರ್ದು ಅಂದ್ರೆ ಮುಚ್ಚಳ ಉಲ್ಟಾ ಇಟ್ಟು ಮೇಲೆ ನೀರು ಹಾಕ್ಬೇಕು. ನೀನು ಈ ಮನೆಗೆ ಬಂದ ವರ್ಷವೇ ಹೇಳ್ಕೊಟ್ಟಿದ್ದೆ. ಎಷ್ಟು ಸಲ...”

ಅತ್ತೆ ಮಾತು ನಿಲ್ಲಿಸಿ ಮೂಗು ಮೇಲೆತ್ತಿದರು. ಒಲೆಯ ಮೇಲೆ ಹುರುಳಿಕಾಯಿ ಪಲ್ಯ ಇಟ್ಟು ಬಂದಿದ್ದೆ. ಮುಚ್ಚಳ ನೆಟ್ಟಗೇ ಇತ್ತು.