ಸತ್ಯಾಂಶ: ವಿದೇಶಿ ವ್ಯಾಪಾರಕ್ಕೆ ಮಾರುಕಟ್ಟೆ ತೆರೆದರೆ ಎಲ್ಲ ಕಾರ್ಮಿಕರ ಕೂಲಿ ಏರುತ್ತದೆಯೇ?

"ಮಾರುಕಟ್ಟೆ ತೆರೆದ ಬಡ ದೇಶಗಳಲ್ಲೆಲ್ಲ ಕೂಲಿ ಏರಿದೆ, ಕೆಲಸ ಕಳೆದುಕೊಂಡವರಿಗೆ ಒಂದೆರಡು ವರ್ಷದಲ್ಲೇ ಬೇರೆ ಕೆಲಸ ಸಿಕ್ಕಿದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

2001ರ ಕೊನೆಯಲ್ಲಿ ಜಾರಿಗೆ ಬಂದ ಅಮೆರಿಕ-ವಿಯೆಟ್ನಾಂ ವ್ಯಾಪಾರ ಒಪ್ಪಂದದಿಂದ ವಿಯೆಟ್ನಾಂ ಸರಕಿನ ಮೇಲೆ ಅಮೆರಿಕ ಹಾಕುತ್ತಿದ್ದ ಸುಂಕ ಸರಾಸರಿ ಶೇ 23ರಿಂದ ಸುಮಾರು ಶೇ 2.5ಕ್ಕೆ ಇಳಿಯಿತು. ಮನೆ ಉದ್ದಿಮೆಗಳಲ್ಲಿದ್ದ ಅನೇಕರು ನೋಂದಾಯಿತ ಸಂಸ್ಥೆಗಳ ನೌಕರಿಗೆ ಸೇರಿದರು. ಇಷ್ಟು ನಿಜ.

ಬ್ರೆಜಿಲ್‌ನಲ್ಲಿ ಆದದ್ದೇ ಬೇರೆ. 1990ರಿಂದ 1995ರೊಳಗೆ ಅಲ್ಲಿನ ಆಮದು ಸುಂಕ ಸರಾಸರಿ ಶೇ 30ರಿಂದ ಸುಮಾರು ಶೇ 13ಕ್ಕೆ ಇಳಿಯಿತು. ವಿದೇಶಿ ಸರಕಿನ ಪೈಪೋಟಿಯಿಂದ ಸುಂಕ ಕೊಡುತ್ತಿದ್ದ ರಕ್ಷಣೆಯನ್ನು ಹೆಚ್ಚು ಕಳೆದುಕೊಂಡ ಪ್ರದೇಶಗಳಲ್ಲಿ ನೋಂದಾಯಿತ ನೌಕರಿ, ಸಂಬಳ ಎರಡೂ ಉಳಿದೆಡೆಗಿಂತ ಹಿಂದೆ ಬಿದ್ದವು. 20 ವರ್ಷ ಕಳೆದರೂ ಅಂತರ ಮುಚ್ಚಲಿಲ್ಲ, ಇನ್ನೂ ಹಿಗ್ಗಿತು. ಕಾರ್ಮಿಕರು ಸುಲಭವಾಗಿ ಊರು ಬಿಡಲಿಲ್ಲ. ಬಂಡವಾಳ ಮಾತ್ರ ನಿಧಾನವಾಗಿ ಜಾಗ ಖಾಲಿ ಮಾಡಿತು. ಇದನ್ನು ಮರೆಮಾಚುವುದು ಆ ಕುಟುಂಬಗಳಿಗೆ ಮಾಡುವ ಅನ್ಯಾಯ.

ಕೂಲಿ ಏರಿದೆ ಎನ್ನಲು ತೋರಿಸುವ 'ಸರಾಸರಿ ಕೂಲಿ'ಯನ್ನೂ ಬಿಡಿಸಿ ನೋಡಬೇಕು. ಹತ್ತು ಮಂದಿಯಲ್ಲಿ ಆರು ಜನಕ್ಕೆ ದಿನಕ್ಕೆ 100, ನಾಲ್ವರಿಗೆ 200 ಎಂದರೆ ಸರಾಸರಿ 140. ಕಡಿಮೆ ಕೂಲಿಯವರಲ್ಲಿ ನಾಲ್ವರನ್ನು ಕೆಲಸದಿಂದ ತೆಗೆದರೆ ಸರಾಸರಿ 167ರ ಹತ್ತಿರ ಹೋಗುತ್ತದೆ. ಯಾರ ಕೂಲಿಯೂ ಏರಿಲ್ಲ! ಬೆಲೆ ಏರಿಕೆಯನ್ನು ಕಳೆಯದ ಅಂಕಿಯೂ ಹೀಗೇ ದಾರಿ ತಪ್ಪಿಸುತ್ತದೆ: ಕೂಲಿ ಶೇ 6, ಬೆಲೆ ಶೇ 8 ಏರಿದ್ದರೆ ಕೊಳ್ಳುವ ಶಕ್ತಿ ಸುಮಾರು ಶೇ 2ರಷ್ಟು ಕುಗ್ಗಿದೆ.