ಮೇಲೆ ಬಣ್ಣ, ಕೆಳಗೆ ಹಲಸು

ಅಡುಗೆಮನೆಯ ಕೆಲವು ಕಪಾಟುಗಳಿಗೆ ಬಣ್ಣ ಬಳಿಸಿ, ಉಳಿದವಕ್ಕೆ ಮರದ ಗೆರೆ ಕಾಣುವಂತೆ ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಹಚ್ಚಿಸಿ ಪಾಲಿಶ್ ಮಾಡಿಸುವುದನ್ನು ಇತ್ತೀಚೆಗೆ ಪರಿಚಿತರ ಮನೆಗಳಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ನನಗೂ ಇದು ಇಷ್ಟವೇ. ಆದರೆ ಯಾವುದಕ್ಕೆ ಬಣ್ಣ, ಯಾವುದಕ್ಕೆ ಪಾಲಿಶ್ ಎಂಬುದನ್ನು ಮೊಬೈಲಿನಲ್ಲಿ ಕಂಡ ಚಿತ್ರ ನೋಡಿ ತೀರ್ಮಾನಿಸದೆ, ನೀರು, ಒಗ್ಗರಣೆಯ ಹೊಗೆ, ಅರಿಸಿನದ ಕೈ ಇವು ಎಲ್ಲೆಲ್ಲಿ ತಾಗುತ್ತವೆ ಎಂದು ನೋಡಿ ತೀರ್ಮಾನಿಸಬೇಕೆಂಬುದು, ಒಮ್ಮೆ ಎಡವಿದ ಮೇಲೆ, ನನ್ನ ಖಚಿತ ಅಭಿಪ್ರಾಯ.

ಮೈಸೂರಿನ ನಮ್ಮ ಮನೆಯಲ್ಲಿ ಮೊದಲು ಮಾಡಿಸಿದ್ದು ತಿರುವುಮುರುವು: ಕಟ್ಟೆಯ ಕೆಳಗೆ ಅಚ್ಚ ಬಿಳಿ ಬಣ್ಣ, ಮೇಲೆ ಮರ. ಕೆಳಗಿನ ಶಟರ್‌ಗಳೂ, ಅಂದರೆ ಕಪಾಟಿನ ಬಾಗಿಲುಗಳೂ, ಗಟ್ಟಿ ಮರದ ಚೌಕಟ್ಟಿನವೇ. ಒಂದು ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಅಡ್ಡಪಟ್ಟಿಯೂ ಉದ್ದಪಟ್ಟಿಯೂ ಕೂಡುವ ಪ್ರತಿಯೊಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಮರವು ತೇವಕ್ಕೆ ಉಬ್ಬಿ ಒಣಹವೆಗೆ ಕುಗ್ಗುತ್ತದೆ, ಅದೂ ಉದ್ದಕ್ಕಲ್ಲ, ಅಗಲಕ್ಕೆ. ಆದ್ದರಿಂದ ಒಂದಕ್ಕೊಂದು ಅಡ್ಡವಾಗಿ ಸೇರಿದ ಎರಡು ಪಟ್ಟಿಗಳು ಬೇರೆ ಬೇರೆ ದಿಕ್ಕಿಗೆ ಎಳೆದಾಗ ಮೇಲಿನ ಬಣ್ಣದ ಪದರ ಸೀಳುತ್ತದೆ. ಪಾಲಿಶ್ ಮಾಡಿದ ಮರದಲ್ಲೂ ಆ ಸಂದು ತೆರೆದುಕೊಳ್ಳುತ್ತದೆ, ಆದರೆ ಗೆರೆಗಳ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಹಿಡಿಕೆಗಳ ಸುತ್ತ ಹಬ್ಬಿದ್ದ ಅರಿಸಿನದ ಹಳದಿಯ ಕಥೆ ಬೇರೆ. ಅದಕ್ಕೆ ಮರವನ್ನು ದೂರುವಂತಿಲ್ಲ, ಸಾರು ಮಾಡುತ್ತಿದ್ದವಳು ನಾನೇ.

ಎರಡನೆಯ ಸಲ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಗೆ ಬಣ್ಣ ಬಳಿಸಿ ಅದನ್ನು ಮೇಲಿಟ್ಟೆವು. ಅದರಲ್ಲಿ ಗೆರೆಯಿಲ್ಲ, ಕೂಡುಪಟ್ಟಿಗಳಿಲ್ಲ, ಆದ್ದರಿಂದ ಬಣ್ಣ ನುಣುಪಾಗಿ ಕೂರುತ್ತದೆ. ಅಂಚಿಗೆ ನೀರು ಇಳಿದರೆ ಮಾತ್ರ ರೊಟ್ಟಿಯಂತೆ ಉಬ್ಬಿಬಿಡುವುದರಿಂದ ಸಿಂಕಿನ ಹತ್ತಿರ ಅದಕ್ಕೆ ಜಾಗವಿಲ್ಲ. ಕೆಳಗಿನವಕ್ಕೆ ಊರಿನ ಹಳೆಯ ಮನೆಯಿಂದ ಬಂದ ಹಲಸಿನ ಬಾಗಿಲುಗಳನ್ನು ಕೊಯ್ಸಿದೆವು. ಸ್ಟೇನ್ ಬಣ್ಣವನ್ನು ಕ್ಯಾಟಲಾಗ್ ನೋಡಿ ಆರಿಸಲು ಹೊರಟಾಗ ಆಚಾರ್ರು ತಡೆದರು: "ಅಮ್ಮಾ, ಆ ಪುಸ್ತಕದಲ್ಲಿರೋದು ಬೇರೆ ಮರ. ಇದರದೇ ತುಂಡಿಗೆ ಹಚ್ಚಿ ಎರಡು ದಿನ ಇಟ್ಟು ನೋಡಿ." ಅವರು ಕೊಟ್ಟ ತುಂಡಿನಲ್ಲಿ ಮುಖ ಜೇನಿನ ಬಣ್ಣಕ್ಕೆ ತಿರುಗಿದ್ದರೆ, ಕೊಯ್ದ ತುದಿ ಸ್ಟೇನನ್ನು ಹೆಚ್ಚು ಕುಡಿದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿತ್ತು. ತುದಿಗಳನ್ನು ಇನ್ನೂ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆಯೇ ಎರಡೂ ಹೊಂದಿದವು.

ಬಣ್ಣದ ಆಯ್ಕೆಯಲ್ಲಿ ಒಂದೇ ಮಾತು. ಹಲಸು, ತೇಗಗಳ ಒಡಲಲ್ಲಿ ಹಳದಿಯಿದೆ. ಹೊಸದಾಗಿ ಕೊಯ್ದಾಗ ಹಳದಿಯಾಗಿರುವ ಹಲಸು ವರ್ಷ ಕಳೆದಂತೆ ಕೆಂಗಂದಾಗುತ್ತದೆ. ಅದರ ಪಕ್ಕದಲ್ಲಿ ನೀಲಿ ಛಾಯೆಯ ಬಿಳಿ ಆಸ್ಪತ್ರೆಯನ್ನು ನೆನಪಿಸುತ್ತದೆ, ಕೆನೆಬಿಳಿಯೋ ಪಾಚಿಹಸಿರೋ ಹೊಂದುತ್ತದೆ. ಇದನ್ನೂ ಅಂಗಡಿಯ ದೀಪದಲ್ಲಿ ನೋಡಬಾರದು. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಳ್ಳನೆಯ ಟ್ಯೂಬ್‌ಲೈಟಿನಡಿ ಕಳೆಗುಂದುವ ಮರ 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಜೀವ ತಳೆಯುತ್ತದೆ.

ಈ ಜೋಡಣೆ ನಿನ್ನೆ ಮೊನ್ನೆಯದೂ ಅಲ್ಲ. ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಆ ನಗರದ ಹೊಸ ವಸತಿಗಳಿಗಾಗಿ ವಿನ್ಯಾಸಗೊಳಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ನೊಣಗಳು ಕೂರುವುದಿಲ್ಲವೆಂಬ ನಂಬಿಕೆಯಿಂದ ಕಪಾಟುಗಳಿಗೆ ನೀಲಿ-ಹಸಿರು ಬಣ್ಣ ಬಳಿದು, ಕೆಲಸದ ಹಲಗೆಗೆ ಬೀಚ್ ಮರವನ್ನೂ ಹಿಟ್ಟಿನ ಡಬ್ಬಕ್ಕೆ ಹುಳು ಹಿಡಿಯದಿರಲೆಂದು ಓಕ್ ಮರವನ್ನೂ ಬಳಸಿದ್ದರು. ಅಲ್ಲಿ ಬಣ್ಣಕ್ಕೂ ಮರಕ್ಕೂ ಒಂದೊಂದು ಕೆಲಸವಿತ್ತು.

ಕಳೆದ ತಿಂಗಳು ಸಿಂಕಿನ ಕೆಳಗಿನ ಹಲಸಿನ ಶಟರಿನ ಮೂಲೆ ಮಾಸಿದಾಗ ನಾನೇ ಉಜ್ಜಿ, ಹಳೆಯ ಬನಿಯನ್ ತುಂಡಿನಿಂದ ಪಾಲಿಶ್ ಹಚ್ಚಿದೆ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಒಣಗಿತ್ತು. ಮೇಲಿನ ಬಣ್ಣದ ಶಟರಿಗೆ ಪ್ರೆಶರ್ ಕುಕ್ಕರಿನ ಮುಚ್ಚಳ ತಗುಲಿ ಎದ್ದ ಚಕ್ಕೆ ಮಾತ್ರ ಹಾಗೆಯೇ ಇದೆ. ಅಷ್ಟನ್ನೇ ಮುಚ್ಚಿದರೆ ತೇಪೆ ಕಾಣುತ್ತದೆ, ಇಡೀ ಶಟರನ್ನು ಕಳಚಿ ಸ್ಪ್ರೇ ಮಾಡುವವರಲ್ಲಿಗೆ ಕಳಿಸಬೇಕು.