ಎರಡು ಶನಿವಾರ, ಅರ್ಧ ಸೋಮವಾರ

ವಿಮಾನ ಇಳಿಯುವಾಗ ಪೈಲಟ್ ಹೇಳಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅಲ್ಲಿ ಆಗ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯಂತೆ. ನಾವು ಆಕ್ಲೆಂಡ್ ಬಿಟ್ಟಿದ್ದು ಶನಿವಾರ ಬೆಳಗ್ಗೆ ಒಂಬತ್ತೂವರೆಗೆ.

ಅಮ್ಮನ ಶನಿವಾರದ ಬಗ್ಗೆ ಮೊದಲು ಹೇಳಬೇಕು. ಅಮ್ಮ ತೀರ್ಥಹಳ್ಳಿ ಕಡೆಯವಳು. ನಲವತ್ತು ವರ್ಷದಿಂದ ಶನಿವಾರ ಒಪ್ಪತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಒಂದಿಷ್ಟು ಅವಲಕ್ಕಿ ಅಥವಾ ಎರಡು ಬಾಳೆಹಣ್ಣು. ಜ್ವರ ಬಂದಾಗ ಬಿಟ್ಟಿಲ್ಲ, ನನ್ನ ಮದುವೆ ಆರತಕ್ಷತೆಯ ದಿನ ಬಿಟ್ಟಿಲ್ಲ. ಅದರ ಮೇಲೆ ಇದು ಶ್ರಾವಣ. ಶ್ರಾವಣ ಶನಿವಾರದ ಆ ಒಂದು ಊಟವನ್ನು, ಅಂದರೆ ಚಿತ್ರಾನ್ನದ ಡಬ್ಬಿಯನ್ನು, ಅಮ್ಮ ವಿಮಾನದಲ್ಲೇ ಖಾಲಿ ಮಾಡಿ ಕೈ ತೊಳೆದು ಬಂದಿದ್ದಳು. ಆಮೇಲೆ ನೋಡಿದರೆ ಶುಕ್ರವಾರ.

ನಾವು ಹೊರಟಿದ್ದು ನಿಯುವೆ ಎಂಬ ದ್ವೀಪಕ್ಕೆ. ನ್ಯೂಜಿಲೆಂಡಿನಿಂದ ಈಶಾನ್ಯಕ್ಕೆ ಮೂರೂವರೆ ಗಂಟೆ ಹಾರಿದರೆ, ಸುತ್ತ ಏನೂ ಇಲ್ಲದ ನೀರಿನ ಮಧ್ಯೆ ಒಂದು ಸುಣ್ಣಕಲ್ಲಿನ ದಿಬ್ಬ. 260 ಚದರ ಕಿಲೋಮೀಟರ್, ಹದಿನಾಲ್ಕು ಹಳ್ಳಿ, ಸುಮಾರು 1,700 ಜನ. ವಾರಕ್ಕೆ ಎರಡು ವಿಮಾನ. ಮಧ್ಯೆ ದಿನಾಂಕ ರೇಖೆ ದಾಟಬೇಕು. ಹೋಗುವಾಗ ಕ್ಯಾಲೆಂಡರ್ ಒಂದು ದಿನ ಹಿಂದಕ್ಕೆ, ಬರುವಾಗ ಒಂದು ದಿನ ಮುಂದಕ್ಕೆ. ಈ ರೇಖೆಯ ವಿಷಯ ನನಗೆ ಗೊತ್ತಿರಲಿಲ್ಲ ಅಂತಲ್ಲ. ಎಂಟನೇ ಕ್ಲಾಸಿನಲ್ಲಿ ಎರಡು ಮಾರ್ಕಿಗೆ ಬರೆದಿದ್ದೆ. ಆದರೆ ಅದು ಒಂದು ದಿನ ನನ್ನ ಅಮ್ಮನ ಊಟಕ್ಕೇ ಅಡ್ಡ ಬರುತ್ತದೆ ಅಂತ ಮೇಷ್ಟ್ರು ಹೇಳಿರಲಿಲ್ಲ.

ಮೊದಲ ಎಡವಟ್ಟು ಕಸ್ಟಮ್ಸ್‌ನಲ್ಲಿ. ಶನಿವಾರದ ಪೂಜೆಗೆ ಅಲ್ಲಿ ಸಿಗುತ್ತೋ ಇಲ್ವೋ ಅಂತ ಅಮ್ಮ ಆಕ್ಲೆಂಡಿನ ಅಂಗಡಿಯಿಂದ ಎರಡು ತೆಂಗಿನಕಾಯಿ ತಂದಿದ್ದಳು. ಅಧಿಕಾರಿ ಎರಡೂ ಕಾಯಿಗಳನ್ನು ಎರಡು ಕೈಯಲ್ಲಿ ಹಿಡಿದ. ಕಿಟಕಿಯ ಹೊರಗೆ ಸಾಲಾಗಿ ನಿಂತ ತೆಂಗಿನ ಮರಗಳನ್ನು ನೋಡಿದ. ಅಮ್ಮನನ್ನು ನೋಡಿದ. ಮತ್ತೆ ಮರಗಳನ್ನು ನೋಡಿದ. ಪಾಪ, ನಗಬಾರದು ಅಂತ ತುಂಬ ಕಷ್ಟಪಡುತ್ತಿದ್ದ. ಹಸಿ ಪದಾರ್ಥ ಒಳಗೆ ಬಿಡುವ ಹಾಗಿಲ್ಲ ಅಂತ ಕಾಯಿ ಎತ್ತಿಟ್ಟುಕೊಂಡ. "ಜುಟ್ಟು ಇರೋ ಕಾಯಿ, ಜೋಪಾನ ಅಂತ ಹೇಳೇ ಅವನಿಗೆ" ಅಂದಳು ಅಮ್ಮ. ನಾನು ಹೇಳಲಿಲ್ಲ.

ಹೊರಗೆ ಬಂದರೆ ಇಡೀ ಊರೇ ಅಲ್ಲಿತ್ತು. ವಿಮಾನ ಬರುವುದು ಅಲ್ಲಿ ಸಂತೆಯ ಹಾಗೆ. ನಾನು ಬುಕ್ ಮಾಡಿದ್ದ ಮನೆಯ ಯಜಮಾನಿ ಹೂವಿನ ಹಾರ ಹಿಡಿದು ನಿಂತಿದ್ದರು. ಹಾರ ಮಾತ್ರ ಬೇರೆಯವರಿಗೆ. ಅವರ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನೀವು ನಾಳೆ ಬರುವವರು" ಅಂದರು. ಹೌದು, ನಾನು ಶನಿವಾರ ಹೊರಡುವವಳು ಶನಿವಾರಕ್ಕೇ ರೂಮ್ ಬುಕ್ ಮಾಡಿದ್ದೆ. ನಾವು ನಮಗಿಂತ ಒಂದು ದಿನ ಮೊದಲೇ ಬಂದುಬಿಟ್ಟಿದ್ದೆವು. ಆಕೆಗೆ ಇದು ಹೊಸದೇನಲ್ಲವಂತೆ. "ಪ್ರತಿ ಸಲ ಯಾರಾದರೂ ಒಬ್ಬರು ಇರ್ತಾರೆ" ಅಂತ ನಕ್ಕು, ಕೈಗೆ ಕಾರಿನ ಬೀಗದ ಕೈ ಕೊಟ್ಟರು. "ಇವತ್ತು ನನ್ನ ಅಕ್ಕನ ಮನೇಲಿ ಇರಿ. ಅವಳು ಆಕ್ಲೆಂಡಿನಲ್ಲಿ ಇದ್ದಾಳೆ. ಬೀಗ ಹಾಕಿಲ್ಲ."

ಆ ಅಕ್ಕ ಇರುವುದು ಆಕ್ಲೆಂಡಿನ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ.

ಅಮ್ಮನಿಗೆ ಆ ಖಾಲಿ ಮನೆ ನೋಡಿ ಆಶ್ಚರ್ಯವೇ ಆಗಲಿಲ್ಲ. ದಾರಿಯುದ್ದಕ್ಕೂ ಅಂಥವೇ ಮನೆಗಳು. ಕೆಲವಕ್ಕೆ ಕಿಟಕಿ ಇಲ್ಲ, ಕೆಲವಕ್ಕೆ ಮಾಡಿನ ಮೇಲೆ ಬಳ್ಳಿ. ಅಂಗಳದಲ್ಲೇ ಹಿರಿಯರ ಸಮಾಧಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. 2018ರ ಜನಗಣತಿಯಲ್ಲಿ ನ್ಯೂಜಿಲೆಂಡಿನಲ್ಲಿದ್ದ ನಿಯುವೆ ಮೂಲದವರು 30,000 ದಾಟಿದ್ದರು. ಊರಲ್ಲಿ ಉಳಿದವರು ಅದರ ಹತ್ತರಲ್ಲೊಂದು ಭಾಗವೂ ಇಲ್ಲ. "ನಮ್ಮ ಕಡೆ ಹಂಗೇ ಬಿಡು. ಮನೆ ಇದೆ, ಅಡಿಕೆ ಮರ ಇದೆ, ಮಕ್ಕಳು ಬೆಂಗಳೂರು" ಅಂದಳು. ಆಮೇಲೆ ನನ್ನ ಮುಖ ನೋಡಿ, "ಕೆಲವರು ಇನ್ನೂ ದೂರ" ಅಂತ ಸೇರಿಸಿದಳು. ನಾನು ಸುಮ್ನೆ ಸೂಟ್‌ಕೇಸ್ ಎಳೆದೆ.

ಈಗ ಮುಖ್ಯ ಪ್ರಶ್ನೆ. ರಾತ್ರಿ ಊಟ ಮಾಡಬಹುದೋ ಇಲ್ಲವೋ? ಶನಿವಾರ ಬೆಳಗ್ಗೆ ಶುರುವಾದ ವ್ರತ ಶುಕ್ರವಾರ ರಾತ್ರಿ ಮುಗಿಯುತ್ತದಾ? ನಾಳೆ ಮತ್ತೆ ಶನಿವಾರ ಬಂದರೆ ಅದು ಹೊಸದೋ, ಹಳೆಯದರ ಬಾಕಿಯೋ? ಸಂಜೆ ನಾಲ್ಕಕ್ಕೆ ಊರಿನ ಭಟ್ಟರಿಗೆ ವಾಟ್ಸ್ಆ್ಯಪ್ ಕಾಲ್ ಹೋಯಿತು. ಅಲ್ಲಿ ಶನಿವಾರ ಬೆಳಗ್ಗೆ ಎಂಟೂವರೆ. ಅಮ್ಮ ಇಡೀ ಕಥೆ ಹೇಳಿದಳು. ಆ ಕಡೆ ತುಂಬ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಕೊನೆಗೆ ಭಟ್ಟರು, "ನಂಗೆ ಇಲ್ಲಿ ಶನಿವಾರ. ನಿಮಗೆ ಅಲ್ಲಿ ಶುಕ್ರವಾರ ಅಂದ್ರೆ ನೀವು ಇನ್ನೂ ಹೊರಟೇ ಇಲ್ಲ ಅಂತಾಯ್ತು. ಹೊರಡದೇ ಇದ್ದವರಿಗೆ ನಾನು ಏನು ಹೇಳಲಿ?" ಅಂದುಬಿಟ್ಟರು.

ಶನಿ ಮಹಾತ್ಮನ ಹತ್ತಿರ ಲೆಕ್ಕಾಚಾರ ಬೇಡ ಅಂತ ಅಮ್ಮ ಎರಡೂ ದಿನ ಒಪ್ಪತ್ತು ಮಾಡಿದಳು. ಅವಳ ಎದುರು ತಿನ್ನಲು ಮುಜುಗರವಾಗಿ ನಾನೂ ಮಾಡಿದೆ. ನನ್ನ ಒಪ್ಪತ್ತಿನಲ್ಲಿ ಮಧ್ಯರಾತ್ರಿ ಒಂದು ಪ್ಯಾಕೆಟ್ ಬಿಸ್ಕತ್ತೂ ಇತ್ತು, ಅದು ಲೆಕ್ಕಕ್ಕಿಲ್ಲ.

ಆ ಮೊದಲ ದಿನವೇ ಪೊಲೀಸ್ ಠಾಣೆಗೂ ಹೋಗಬೇಕಾಯಿತು. ಕಾರು ಓಡಿಸಲು ಅಲ್ಲಿನದೇ ಲೈಸೆನ್ಸ್ ಬೇಕು, ಕೊಡುವುದು ರಾಜಧಾನಿ ಅಲೋಫಿಯ ಪೊಲೀಸರು. ಠಾಣೆ ಅಂದ ಕೂಡಲೇ ಅಮ್ಮ ಕಾರಿನಿಂದ ಇಳಿಯಲೇ ಇಲ್ಲ. ಲೈಸೆನ್ಸ್ ಹತ್ತು ನಿಮಿಷದಲ್ಲಿ ಸಿಕ್ಕಿತು. ಅದರಲ್ಲಿನ ಫೋಟೋದಲ್ಲಿ ನಾನು ಎರಡು ಶುಕ್ರವಾರ ನಿದ್ದೆ ಮಾಡದವಳ ಹಾಗೆ ಕಾಣುತ್ತೇನೆ, ಅದು ನಿಜವೂ ಹೌದು. ಹಿಂದೆ ಬಂದರೆ ಅಮ್ಮ ಕಾರಿನಲ್ಲಿ ಕೂತು ಪೊಲೀಸನಿಗೇ ಕೈ ಬೀಸುತ್ತಿದ್ದಾಳೆ. ಅವನೂ ಬೀಸುತ್ತಿದ್ದಾನೆ.

ಅಲ್ಲಿ ಹಾಗೇ. ಎದುರು ಬರುವ ಪ್ರತಿ ಗಾಡಿಗೂ ಕೈ ಎತ್ತಬೇಕು. ಗೊತ್ತಿರಲಿ, ಗೊತ್ತಿಲ್ಲದಿರಲಿ. ನಾನು ಸ್ಟೇರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಿದ್ದೆ, ಸ್ಥಳೀಯರ ಹಾಗೆ. ಅಮ್ಮನದು ಅಂಥ ಜಿಪುಣತನವಲ್ಲ. ಗ್ಲಾಸು ಇಳಿಸಿ, ಮೊಣಕೈವರೆಗೆ ಹೊರಗೆ ಹಾಕಿ, ದಸರಾ ಜಂಬೂಸವಾರಿಯಲ್ಲಿ ಹೊರಟವಳ ಹಾಗೆ. ದ್ವೀಪ ಸುತ್ತುವ ರಸ್ತೆ 60 ಚಿಲ್ಲರೆ ಕಿಲೋಮೀಟರ್. ಭಾನುವಾರದ ಹೊತ್ತಿಗೆ ಭುಜ ನೋವು. ಅಮೃತಾಂಜನ ಹಚ್ಚಿಕೊಂಡು ಎಡಗೈಗೆ ಬದಲಾಯಿಸಿದಳು.

ತಿಮಿಂಗಿಲದ ವಿಷಯಕ್ಕೆ ಬರುತ್ತೇನೆ. ನಾನು ಈ ದ್ವೀಪ ಹುಡುಕಿದ್ದೇ ಅದಕ್ಕಾಗಿ. ಜುಲೈಯಿಂದ ಅಕ್ಟೋಬರ್‌ವರೆಗೆ ಅಂಟಾರ್ಕ್ಟಿಕಾ ಕಡೆಯಿಂದ ಗೂನು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಅವುಗಳ ಜೊತೆ ಈಜಲು ಪರವಾನಗಿ ಇರುವ ದೋಣಿಯವರು ಕರೆದುಕೊಂಡು ಹೋಗುತ್ತಾರೆ. ಮೂರು ತಿಂಗಳ ಮೊದಲೇ ದುಡ್ಡು ಕಟ್ಟಿದ್ದೆ. ಈಜು ಕ್ಲಾಸಿಗೂ ಕಟ್ಟಿದ್ದೆ. ಎರಡನೇ ಶನಿವಾರ ಬೆಳಗ್ಗೆ ಅಲೋಫಿ ಕಟ್ಟೆಗೆ ಹೋದೆ. ಅಲ್ಲಿ ಬಂದರು ಅಂತ ಹೇಳುವಂಥದ್ದೇನಿಲ್ಲ, ಸುತ್ತಲೂ ಬಂಡೆ. ದೋಣಿಯನ್ನು ಕ್ರೇನಿಗೆ ನೇತು ಹಾಕಿ, ತೊಟ್ಟಿಲು ಇಳಿಸಿದ ಹಾಗೆ ನೀರಿಗೆ ಬಿಡುತ್ತಾರೆ. ಆಮೇಲೆ ನಾವು ಹತ್ತಬೇಕು, ಅಲೆ ಮೇಲೆ ಬಂದಾಗ, ಸರಿಯಾದ ಕ್ಷಣ ನೋಡಿ. ನಾನು ಹತ್ತಿದ ಕ್ಷಣ ಸರಿಯಾದದ್ದಲ್ಲ.

ಮೂರು ಗಂಟೆ ಸಮುದ್ರದಲ್ಲಿದ್ದೆ. ಬಿಗಿಯಾದ ರಬ್ಬರ್ ಸೂಟು, ಬಾಯಲ್ಲಿ ಕೊಳವೆ, ಖಾಲಿ ಹೊಟ್ಟೆ. ಖಾಲಿ ಹೊಟ್ಟೆಯಿಂದಲೂ ವಾಂತಿ ಆಗುತ್ತದೆ ಅಂತ ಅವತ್ತು ಗೊತ್ತಾಯಿತು. ಜೊತೆಯಲ್ಲಿದ್ದ ಜರ್ಮನ್ ಹುಡುಗನೊಬ್ಬ ಬೆನ್ನು ತಟ್ಟುತ್ತಾ "ದಿಗಂತ ನೋಡಿ, ದಿಗಂತ ನೋಡಿ" ಅನ್ನುತ್ತಿದ್ದ. ನೋಡಿದೆ. ದಿಗಂತ ಬಿಟ್ಟು ಬೇರೇನೂ ಇರಲಿಲ್ಲ. ಒಂದು ಬಾಲ ಇಲ್ಲ, ಒಂದು ಗುಳ್ಳೆ ಇಲ್ಲ.

ಸೋತು ಸುಣ್ಣವಾಗಿ ವಾಪಸು ಬಂದರೆ ಅಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತು ಹತ್ತಿಬತ್ತಿ ಹೊಸೆಯುತ್ತಿದ್ದಳು. ನಾವು ಆ ಹೊತ್ತಿಗೆ ನಮ್ಮ ಬುಕಿಂಗಿನ ಮನೆಗೆ ಬಂದಿದ್ದೆವು, ಬಂಡೆಯ ತುದಿಯಲ್ಲೇ ಇತ್ತು ಅದು.

"ಸಿಕ್ತಾ?" ಅಂದಳು.

"ಇಲ್ಲಮ್ಮ."

"ಇಲ್ಲಿಗೆ ಬಂದಿತ್ತು. ಈಗಷ್ಟೇ ಹೋಯ್ತು. ಮಗುನೂ ಕರ್ಕೊಂಡು ಬಂದಿತ್ತು."

ಗ್ಯಾಸ್ ಸಿಲಿಂಡರಿನವನು ಬಂದು ಹೋದ ಅನ್ನುವಾಗ ಅಮ್ಮ ಬಳಸುವ ಧ್ವನಿ ಅದು. ವಿಷಯ ಏನೆಂದರೆ, ನಿಯುವೆಯಲ್ಲಿ ದಂಡೆ ದಾಟಿದ ಕೂಡಲೇ ಸಮುದ್ರ ಒಮ್ಮೆಲೇ ಆಳ. ತಿಮಿಂಗಿಲಗಳು ಮನೆಯ ಹಿತ್ತಲಿಗೆ ಬಂದಷ್ಟು ಹತ್ತಿರ ಬರುತ್ತವೆ. ಇದನ್ನು ದೋಣಿಯವರು ಮೊದಲೇ ಹೇಳುವುದಿಲ್ಲ, ಯಾಕೆ ಹೇಳಬೇಕು? "ಫೋಟೋ ತೆಗೆದ್ಯಾ?" ಅಂತ ಕೇಳಿದೆ. "ಕೈಯಲ್ಲಿ ಹತ್ತಿ ಇತ್ತಲ್ಲ" ಅಂದಳು.

ಅವತ್ತು ರಾತ್ರಿ, ಎರಡನೇ ಒಪ್ಪತ್ತಿನ ಬಾಳೆಹಣ್ಣು ಮುಗಿಸಿ ಇಬ್ಬರೂ ಹೊರಗೆ ಕೂತಿದ್ದೆವು. ಕತ್ತಲೆ ಅಂದರೆ ನಮ್ಮೂರಲ್ಲಿ ಕರೆಂಟ್ ಹೋದಾಗಿನ ಕತ್ತಲೆ. 2020ರಲ್ಲಿ ಈ ದೇಶಕ್ಕೆ ಇಡಿಯಾಗಿ ಕತ್ತಲೆಗೆಂದೇ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ದೇಶಕ್ಕೆ ದೇಶವೇ ಹಾಗೆ ಆಗಿದ್ದು ಅದೇ ಮೊದಲು. ನಮ್ಮಲ್ಲಾದರೆ ವಿದ್ಯುತ್ ಇಲಾಖೆಯವರಿಗೆ ಬೈದು ಮಲಗುತ್ತಿದ್ದೆವು. ನಕ್ಷತ್ರ ನೋಡುತ್ತಾ ಕೂತಾಗ ಕೆಳಗಿನ ನೀರಿನಿಂದ ಒಂದು ಉಸಿರು ಕೇಳಿಸಿತು. ಕುಕ್ಕರ್‌ನ ವಿಶಲ್ ಎತ್ತಿ ಹಬೆ ಬಿಟ್ಟ ಹಾಗೆ, ಆದರೆ ತುಂಬ ದೊಡ್ಡ ಕುಕ್ಕರ್. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲೇ ಇನ್ನೊಂದು, ಚಿಕ್ಕದು. ನಾನು ಟಾರ್ಚ್ ತರಲು ಎದ್ದೆ. ಅಮ್ಮ ಸೆರಗಿನ ತುದಿಯಿಂದ ನನ್ನ ಕೈ ಹಿಡಿದು ಕೂರಿಸಿದಳು. "ಸುಮ್ನಿರು. ಬಾಣಂತಿ." ಹಾಗಾಗಿ ನಾನು ಇವತ್ತಿನವರೆಗೂ ತಿಮಿಂಗಿಲ ನೋಡಿಲ್ಲ, ಕೇಳಿದ್ದೇನೆ ಅಷ್ಟೇ.

ಭಾನುವಾರ ಅಲ್ಲಿ ಎಲ್ಲ ಬಂದ್. ಮೀನು ಹಿಡಿಯುವಂತಿಲ್ಲ, ದೋಣಿ ಇಳಿಸುವಂತಿಲ್ಲ, ಅಂಗಡಿ ಇಲ್ಲ. ಇದು ನನಗೆ ಗೊತ್ತಾಗಿದ್ದು ಭಾನುವಾರವೇ. ಶನಿವಾರ ಅಂಗಡಿಗೆ ಹೋಗಿದ್ದಾಗಲೂ ಈರುಳ್ಳಿ ಕೇಳಿದ್ದಕ್ಕೆ "ಹಡಗು ಬಂದ ಮೇಲೆ" ಅಂದಿದ್ದರು. ಸಾಮಾನು ಬರುವುದೆಲ್ಲ ಆಕ್ಲೆಂಡಿನಿಂದ ಹಡಗಿನಲ್ಲಿ. ಎರಡು ದಿನ ಉಪವಾಸ ಮಾಡಿ ಮೂರನೇ ದಿನ ಊಟ ಮಾಡೋಣ ಅಂದರೆ ಮನೆಯಲ್ಲಿ ಅರ್ಧ ಕೆಜಿ ಅಕ್ಕಿ ಮತ್ತು ಉಪ್ಪಿನಕಾಯಿ.

ಯಜಮಾನಿ ಚರ್ಚ್ ಮುಗಿಸಿ, ಬಿಳಿ ಬಟ್ಟೆ, ಹೆಣೆದ ಟೋಪಿ ಹಾಕಿಕೊಂಡೇ ಬಂದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಬಿಸಿ. ಬಿಚ್ಚಿದರೆ ಕೆಸುವಿನ ಗೆಡ್ಡೆ ಒಂದು ಪದರ, ಪಪ್ಪಾಯಿ ಒಂದು ಪದರ, ಮತ್ತೆ ಗೆಡ್ಡೆ, ಮೇಲೆ ಗಟ್ಟಿ ಕಾಯಿಹಾಲು, ಎಲ್ಲ ಸೇರಿ ಒಲೆಯಲ್ಲಿ ಬೆಂದದ್ದು. ಹೆಸರು ತಾಕಿಹಿ. ಮಾಂಸ ಇಲ್ಲ, ಮೀನು ಇಲ್ಲ ಅಂತ ನಾನು ಮೂರು ಸಲ ಕೇಳಿ ಖಚಿತ ಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಎರಡು ಹೋಳು ಮುಗಿಸಿದ್ದಳು. "ಪತ್ರೊಡೆಗೆ ದೂರದ ಸಂಬಂಧ. ಸ್ವಲ್ಪ ಹಸಿಮೆಣಸು ಬಿದ್ದಿದ್ರೆ..." ಅಂತ ತೀರ್ಪು ಕೊಟ್ಟಳು. ಒಬ್ಬರಿಗೆ ಇನ್ನೊಬ್ಬರ ಭಾಷೆ ಬರದೆ, ಇಬ್ಬರೂ ಒಂದು ಗಂಟೆ ಕಾಯಿ ಹೆರೆಯುವ ಬಗ್ಗೆ ಮಾತಾಡಿದರು. ಅಲ್ಲಿನ ತುರಿಮಣೆಯ ಮೇಲೂ ನಮ್ಮ ಹಾಗೇ ಕೂತು ಹೆರೆಯುತ್ತಾರೆ. ನನಗೆ ಇಬ್ಬರ ಭಾಷೆಯೂ ಅರ್ಧ ಅರ್ಧ ಬರುತ್ತದೆ, ಆದರೂ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅವರೇ ಹೇಳಿದ ಕಥೆ ಇದು. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಇಲ್ಲಿ ಇಳಿಯಲು ಮೂರು ಸಲ ನೋಡಿದನಂತೆ. ಮೂರು ಸಲವೂ ಊರಿನವರು ಓಡಿಸಿದರು. ಅವರ ಬಾಯಿ ಕೆಂಪಗಿತ್ತು. ರಕ್ತ ಅಂದುಕೊಂಡು ಹೆದರಿ, ಇದು ಕಾಡುಜನರ ದ್ವೀಪ ಅಂತ ನಕಾಶೆಯಲ್ಲಿ ಹೆಸರಿಟ್ಟು ಹೋದ. ಅದು ಅಲ್ಲಿನ ಕೆಂಪು ಬಾಳೆಯ ಬಣ್ಣ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ನಕ್ಕಿದ್ದು ನೋಡಬೇಕಿತ್ತು. "ಅವನು ನಮ್ಮೂರಿಗೆ ಬರ್ಲಿಲ್ಲ, ಪುಣ್ಯ. ಮದುವೆ ಊಟ ಆಗಿ ಎಲೆ ಅಡಿಕೆ ಹಾಕ್ಕೊಂಡ ನಿನ್ನ ದೊಡ್ಡಪ್ಪನ್ನ ನೋಡಿದ್ರೆ ಹಡಗು ಬಿಟ್ಟು ಈಜಿಕೊಂಡೇ ಹೋಗ್ತಿದ್ದ."

ಸೋಮವಾರ ಬೆಳಗ್ಗೆ ಲಿಮು ಎಂಬ ಕಲ್ಲುಕೊಳಕ್ಕೆ ಇಳಿದೆ. ಬಂಡೆಯೊಳಗಿಂದ ಬರುವ ತಣ್ಣನೆ ಸಿಹಿನೀರು, ಬೆಚ್ಚಗಿನ ಉಪ್ಪುನೀರಿನ ಮೇಲೆ, ಸಾರಿನ ಮೇಲೆ ತುಪ್ಪ ತೇಲಿದ ಹಾಗೆ ತೇಲುತ್ತದೆ. ಅದರೊಳಗೆ ಎಲ್ಲ ಮಸಕು. ಕಣ್ಣಿಗೆ ಪೊರೆ ಬಂತೇನೋ ಅಂತ ಗಾಬರಿಯಾಗಿ ಇನ್ನೂ ಕೆಳಗೆ ಮುಳುಗಿದೆ. ಮಸಕು ಹೋಯಿತು. ಎದುರಿಗೆ ಪಟ್ಟೆಪಟ್ಟೆ ಹಾವು. ಕಟುಆಲಿ ಅಂತಾರೆ. ವಿಷ ಜಾಸ್ತಿ, ಸ್ವಭಾವ ಮೆತ್ತಗೆ, ಯಾರಿಗೂ ಕಚ್ಚುವ ಗೋಜಿಗೆ ಹೋಗುವುದಿಲ್ಲ. ಅದೆಲ್ಲ ನಾನು ಓದಿದ್ದೆ. ಓದಿದ್ದು ನೀರೊಳಗೆ ನೆನಪಾಗುವುದಿಲ್ಲ. ನಾನು ಬಂಡೆ ಹತ್ತಿ ಬಂದ ವೇಗಕ್ಕೆ ಮೊಣಕಾಲು ಎರಡೂ ತರಚಿತು. ಅಮ್ಮ ದಡದಿಂದಲೇ ನೀರಿಗೆ ಕೈ ಮುಗಿದಳು. "ಶ್ರಾವಣದಲ್ಲಿ ನಾಗ ಕಾಣಿಸಿಕೊಂಡ. ನೀನು ಯಾಕೆ ಓಡಿ ಬಂದೆ?"

ಅವತ್ತು ಶ್ರಾವಣ ಸೋಮವಾರ. ಅದಕ್ಕೂ ಒಪ್ಪತ್ತು ಇದೆ ಅಂತ ನನಗೆ ಆಗಲೇ ಗೊತ್ತಾಗಿದ್ದು. ಮಧ್ಯಾಹ್ನ ಅನ್ನ, ಕಾಯಿಹಾಲಿನ ಸಾರು ಊಟ ಮಾಡಿ ಮೂರು ಗಂಟೆಗೆ ವಿಮಾನ ಹತ್ತಿದೆವು. ರೇಖೆ ದಾಟಿ ಆಕ್ಲೆಂಡಿನಲ್ಲಿ ಇಳಿದಾಗ ಮಂಗಳವಾರ ಸಂಜೆ ಆರು. ಅಮ್ಮ ಕಾರಿನಲ್ಲಿ ಕೂತ ಕೂಡಲೇ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು. ಮುಖದಲ್ಲಿ ಅಪರೂಪದ ಖುಷಿ ಇತ್ತು.

ಮನೆಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಚಿಕ್ಕಮ್ಮನ ಮೊದಲ ಪ್ರಶ್ನೆಯೇ, "ನಿನ್ನೆ ಸೋಮವಾರ ರಾತ್ರಿ ಫಲಾಹಾರಕ್ಕೆ ಏನು ಮಾಡ್ಕೊಂಡೆ, ಅಕ್ಕ?"

"ಏನೂ ಇಲ್ಲ ಕಣೇ," ಅಂದಳು ಅಮ್ಮ, ಚಪಾತಿ ಹಿಟ್ಟಿನ ಡಬ್ಬ ತೆಗೆಯುತ್ತಾ. "ರಾತ್ರಿಯೇ ಬರಲಿಲ್ಲ."